ಊರು ಎಲ್ಲಿ ಶುರುವಾಗುತ್ತದೆ?

ಪ್ರಶ್ನೆ: ನಾನು ಗದಗ ಕಡೆಯವಳು, ಮದುವೆಯಾಗಿ ಕಾರ್ಕಳ ಹತ್ತಿರ ಬಂದಿದ್ದೇನೆ. ತವರಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಅಂಗಡಿ, ಶಾಲೆ ನಾಲ್ಕು ಹೆಜ್ಜೆ. ಇಲ್ಲಿ ಬಸ್ಸಿಗೇ ಒಂದೂವರೆ ಕಿಲೋಮೀಟರ್ ನಡೆಯಬೇಕು. ಯಾಕೆ ಹೀಗೆ?

ಉತ್ತರ: ಊರು ಹುಡುಕಿ ಸುಸ್ತಾಗಿರಬೇಕು ಅಲ್ವಾ! ಮುಖ್ಯ ಕಾರಣ ನೀರು ಮತ್ತು ನೆಲ. ಬಯಲುಸೀಮೆಯಲ್ಲಿ ನೀರು ಕಡಿಮೆ, ಹಾಗಾಗಿ ಕೆರೆ, ಬಾವಿ ಇದ್ದ ಕಡೆ ಜನ ಒಟ್ಟಿಗೆ ಮನೆ ಕಟ್ಟಿಕೊಂಡರು. ಕರಾವಳಿಯಲ್ಲಿ ಮಳೆ ಜಾಸ್ತಿ, ಅಂಗಳದಲ್ಲೇ ಬಾವಿ ತೋಡಬಹುದು. ತಗ್ಗಿನ ಬೈಲಿನಲ್ಲಿ ಗದ್ದೆ, ಅದರ ಪಕ್ಕ ತೋಟ, ಸ್ವಲ್ಪ ಎತ್ತರದಲ್ಲಿ ಮನೆ. ಅವರವರ ಜಾಗದಲ್ಲಿ ಅವರವರು.

ಇದರ ಬೆಲೆ ಗೊತ್ತಾಗುವುದು ಸೌಕರ್ಯ ತರುವಾಗ. ನಿಮ್ಮ ತವರಲ್ಲಿ ನೂರು ಮೀಟರ್ ಪೈಪ್ ಎಳೆದರೆ ಎಷ್ಟೋ ಮನೆಗೆ ನೀರು, ಇಲ್ಲಿ ಅಷ್ಟೇ ಪೈಪ್ ಒಂದು ಮನೆಯ ಗೇಟಿಗೂ ಸಾಲದು. ಸರ್ಕಾರದ ಲೆಕ್ಕವೂ ಗುಂಪು ಮನೆಗಳದ್ದೇ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಸಿಗಲು ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನರಿರುವ ಜನವಸತಿ ಆಗಿರಬೇಕು ಅಂತ ಅಳತೆ ಇಟ್ಟರು. ಗುಡ್ಡದಾಚೆ ಆರು, ತೋಡಿನಾಚೆ (ಸಣ್ಣ ಹಳ್ಳದಾಚೆ) ಮೂರು ಮನೆ ಇದ್ದರೆ ಆ ಸಂಖ್ಯೆ ಎಲ್ಲಿಂದ ಬರಬೇಕು?

ಮಳೆಗಾಲದಲ್ಲಿ ಇನ್ನೂ ಕಷ್ಟ. ಬೈಂದೂರು ಕಡೆ ಮಕ್ಕಳು ಇವತ್ತಿಗೂ ಅಡಿಕೆ ಮರದ ಕಾಲುಸಂಕ, ಅಂದರೆ ತೋಡಿನ ಮೇಲೆ ಹಾಸಿದ ಕಿರಿದಾದ ಮರದ ಸೇತುವೆ ದಾಟಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಗ್ಗ ಹಿಡಿದು ಶಾಲೆಗೆ ಹೋಗುವ ಜಾಗಗಳಿವೆ.

ಹಾಗಂತ ಎಲ್ಲರೂ ಒಂದೆಡೆ ಬನ್ನಿ ಅನ್ನುವುದು ಸುಮ್ನೆ ಮಾತು, ತೋಟ ಬಿಟ್ಟು ಯಾರು ಬರುತ್ತಾರೆ? ನನ್ನ ಕೇಳಿದರೆ ಕಾಲುಸಂಕದ ಜಾಗದಲ್ಲಿ ಸಿಮೆಂಟಿನ ಕಿರುಸೇತುವೆ ಮೊದಲು ಬೇಕು. ನಿಮ್ಮ ವಾರ್ಡ್ ಸಭೆ, ಗ್ರಾಮಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳಿಕೊಳ್ಳಿ, ಅಲ್ಲಿ ಈ ಮಾತು ಎತ್ತಬಹುದು.