ಹಳೇ ಜಪಾನಿ ಕೀ ಕೊಡುವ ವಾಚು ಕೊಳ್ಳುವಾಗ ಮೊದಲು ಏನು ನೋಡಬೇಕು?

ಮೊದಲು ಕೇಸಿನ, ಅಂದರೆ ವಾಚಿನ ಹೊರಕವಚದ, ಅಂಚು ನೋಡಿ, ಆಮೇಲೆ ಬೆಲೆ. ಸೀಕೋ ಕಂಪನಿಯ 1960ರ ದಶಕದ ಕಿಂಗ್ ಸೀಕೋ, ಗ್ರ್ಯಾಂಡ್ ಸೀಕೋ ವಾಚುಗಳ ಅಂದವೇ ಆ ಚೂಪಾದ ಅಂಚು. ಯಾರೋ ಹೊಳೆಯಲಿ ಅಂತ ಸುಮ್ನೆ ಪಾಲಿಶ್ ಹೊಡೆಸಿ ಅದನ್ನು ಸವೆದ ಸೋಪಿನ ಹಾಗೆ ಮಾಡಿಟ್ಟಿದ್ದರೆ ಬಿಟ್ಟುಬಿಡಿ. ಗೀರು ಇದ್ದರೆ ಪರವಾಗಿಲ್ಲ. ಡಯಲ್‌ಗೆ ಮತ್ತೆ ಬಣ್ಣ ಹೊಡೆದಿದ್ದರೆ ಮಾತ್ರ ಬೇಡವೇ ಬೇಡ.

ಸೀಕೋ ವಾಚಿನ ಹಿಂಬದಿಯ ಸೀರಿಯಲ್ ನಂಬರಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಆ ಕಾಲದ ಮಾಡೆಲ್‌ನಲ್ಲಿ 68 ಅಂತ ಶುರುವಾದರೆ 1966ರ ಆಗಸ್ಟ್.

ನನಗೆ 44 ಸರಣಿಯ (ಇದು ಒಳಗಿನ ಯಂತ್ರದ ಮಾದರಿಯ ಸಂಖ್ಯೆ) ಕಿಂಗ್ ಸೀಕೋ ಇಷ್ಟ. 45 ಸರಣಿ ಗಂಟೆಗೆ 36,000 ಸಲ ಮಿಡಿಯುತ್ತದೆ, ಸೆಕೆಂಡಿನ ಮುಳ್ಳು ಜಾರಿದಂತೆ ಓಡುತ್ತದೆ, ಆದರೆ ಬಿಡಿಭಾಗಕ್ಕೆ ಅಲೆದಾಟ ಜಾಸ್ತಿ. ದುಡ್ಡು ಕಮ್ಮಿ ಇದ್ದರೆ ಜಪಾನಿನದೇ ಇನ್ನೊಂದು ಕಂಪನಿ ಸಿಟಿಜನ್‌ನ ವಾಚು ನೋಡಿ. ನಮ್ಮ ಎಚ್‌ಎಂಟಿ 1961ರಲ್ಲಿ ಬೆಂಗಳೂರಲ್ಲಿ ವಾಚು ಶುರು ಮಾಡಿದ್ದೂ ಅವರ ನೆರವಿನಿಂದಲೇ ಅಲ್ವಾ!