ಯೂನಿಯನ್ ಫಾರ್ಮು ಐದು ತಿಂಗಳಿಂದ ಪರ್ಸಲ್ಲೇ ಇದೆ ಮೇಡಂ, ಸೈನ್ ಹಾಕ್ಲಾ ಬೇಡ್ವಾ

ನಾನು ಕೌನ್ಸೆಲರ್, ಇದು ನನ್ನ ಹತ್ರ ಬಂದ ಒಬ್ಬರ ಕಥೆ. ಇದನ್ನ ಬರೆಯೋಕೆ ಅವರ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗಬಾರದು ಅಂತ ಕೆಲಸ, ವಯಸ್ಸು, ಮನೆ ವಿಷ್ಯ ಎಲ್ಲ ಸ್ವಲ್ಪ ಸ್ವಲ್ಪ ಬದಲಾಯಿಸಿದೀನಿ, ಆದ್ರೆ ಆಡಿದ ಮಾತು ಅವರದ್ದೇ. ಮೂವತ್ತೈದರ ಆಸುಪಾಸಿನ ಗಂಡಸು, ಒಂದು ದೊಡ್ಡ ಗೋಡೌನಲ್ಲಿ ಸ್ಟಾಕಿನ ಲೆಕ್ಕ ನೋಡ್ಕೊಳ್ಳೋ ಕೆಲಸ, ಒಂಬತ್ತು ವರ್ಷ ಸರ್ವಿಸು. ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ಮೊದಲ ಸೆಶನ್ನಿನ ಮುಕ್ಕಾಲು ಭಾಗ ಬರೀ ನಿದ್ದೆ ಬಗ್ಗೆನೇ ಮಾತಾಡಿದ್ರು, ಎಷ್ಟೊತ್ತಿಗೆ ಮಲಗ್ತೀನಿ, ಎಷ್ಟೊತ್ತಿಗೆ ಎಚ್ಚರ ಆಗತ್ತೆ, ಡಾಕ್ಟರು ಏನಂದ್ರು. ಇನ್ನೇನು ಎದ್ದೇಳ್ಬೇಕು ಅನ್ನೋವಾಗ ಪರ್ಸಿಂದ ಒಂದು ಕಾಗದ ತೆಗೆದು ಟೇಬಲ್ ಮೇಲೆ ಇಟ್ರು.

ನಾಲ್ಕು ಮಡಿಕೆ ಮಡಚಿದ ಯೂನಿಯನ್ ಮೆಂಬರ್‌ಶಿಪ್ ಫಾರ್ಮು. ಎಷ್ಟು ಸಲ ತೆಗೆದು ನೋಡಿ ಮತ್ತೆ ಮಡಚಿದಾರೆ ಅಂದ್ರೆ ಮಡಿಕೆ ಬಿದ್ದ ಕಡೆ ಕಾಗದ ಸವೆದು ಹರಿಯೋ ಹಂಗಾಗಿತ್ತು. ಹೆಸರು, ಡಿಪಾರ್ಟ್‌ಮೆಂಟು, ಸೇರಿದ ದಿನಾಂಕ ಎಲ್ಲ ನೀಟಾಗಿ ತುಂಬಿದ್ರು, ಸೈನ್ ಜಾಗ ಮಾತ್ರ ಖಾಲಿ. "ಒಂದೇ ಒಂದು ಹೇಳಿ ಮೇಡಂ, ಇದಕ್ಕೆ ಸೇರಿದ್ರೆ ಏನಾದ್ರೂ ಪ್ರಯೋಜನ ಇದೆಯಾ? ತಿಂಗಳಾ ತಿಂಗಳಾ ಚಂದಾ ಕಟ್ಬೇಕು, ಮ್ಯಾನೇಜ್‌ಮೆಂಟ್ ಕಣ್ಣಿಗೆ ಬೀಳ್ತೀನಿ, ಸೇರದೇ ಇದ್ರೂ ಇಂಕ್ರಿಮೆಂಟು ಎಲ್ಲರಿಗೂ ಬರೋದು ಬಂದೇ ಬರತ್ತೆ."

ಲೆಕ್ಕದ ಮನುಷ್ಯ, ಲೆಕ್ಕದ ಪ್ರಶ್ನೆ. ಆದ್ರೆ ಬರೀ ಲೆಕ್ಕ ಆಗಿದ್ರೆ ಐದು ತಿಂಗಳು ಒಬ್ಬರ ನಿದ್ದೆ ಹಾಳಾಗ್ತಿರ್ಲಿಲ್ಲ. ಅದಕ್ಕೇ ನಾನು ಉತ್ತರ ಕೊಡ್ದೆ, ಈ ಫಾರ್ಮು ತುಂಬಿದ ದಿನ ಏನಾಗಿತ್ತು ಅಂತಷ್ಟೇ ಕೇಳ್ದೆ. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ.

ಆಮೇಲೆ ಹೇಳಿದ್ದು ಇದು. ಅವರ ಜೊತೆ ಆರು ವರ್ಷ ಪಕ್ಕದ ಸೀಟಲ್ಲಿ ಕೆಲಸ ಮಾಡಿದ ಹೆಣ್ಮಗಳು, ಅಕ್ಕ ಅಂತಲೇ ಕರೀತಿದ್ರಂತೆ, ಸ್ಟಾಕಲ್ಲಿ ವ್ಯತ್ಯಾಸ ಬಂತು ಅಂತ ಅವರನ್ನ ಎನ್‌ಕ್ವಯರಿಗೆ ಕರೆದ್ರು. ಹಿಂದಿನ ದಿನ ಸಂಜೆ ಲೆಟರ್ ಕೈಗೆ ಕೊಟ್ಟಿದಾರೆ, ಬೆಳಿಗ್ಗೆ ಹಾಜರಾಗ್ಬೇಕು. ಅವರು ಇವರ ಹತ್ರ ಬಂದು "ನನ್ ಜೊತೆ ಬಂದು ಸುಮ್ನೆ ಕೂತ್ಕೋತೀಯಾ, ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ" ಅಂದ್ರಂತೆ. ಇವರು ನಂಗೆ ಶಿಫ್ಟ್ ಇದೆ ಅಕ್ಕ ಅಂದ್ರು. ಶಿಫ್ಟ್ ಇರ್ಲಿಲ್ಲ. ಮಾರನೇ ದಿನ ಗಾಜಿನ ಬಾಗಿಲ ಈಚೆಯಿಂದ ನೋಡಿದಾರೆ, ಟೇಬಲ್ಲಿನ ಆ ಕಡೆ ಮೂರು ಜನ, ಈ ಕಡೆ ಅವರೊಬ್ಬರೇ, ಅವರ ಪಕ್ಕದಲ್ಲಿ ಎರಡು ಖಾಲಿ ಕುರ್ಚಿ. ಮಧ್ಯಾಹ್ನಕ್ಕೆ ರಾಜೀನಾಮೆ ಬರೆದುಕೊಟ್ಟು ಹೋಗಿದಾರೆ. ಸ್ಟಾಕಿನ ವ್ಯತ್ಯಾಸ ಎಂಟ್ರಿ ತಪ್ಪಿಂದ ಆಗಿದ್ದು ಅಂತ ಎರಡು ವಾರ ಆದ್ಮೇಲೆ ಗೊತ್ತಾಯ್ತು, ಕಂಡುಹಿಡಿದಿದ್ದು ಇವರೇ.

"ಆ ಖಾಲಿ ಕುರ್ಚಿ ಕಣ್ಮುಂದೆ ಬರತ್ತೆ ಮೇಡಂ" ಅಂದ್ರು. ಎಚ್ಚರ ಆಗೋದು ಅದಕ್ಕೇ.

ಇನ್ನೊಂದು ಎಳೆ ಎರಡನೇ ಸೆಶನ್ನಲ್ಲಿ ಹೊರಗೆ ಬಂತು. ಅವರ ಅಪ್ಪ ಕಾರ್ಖಾನೆ ಕೆಲಸಗಾರರು, ಇವರು ಸ್ಕೂಲಿಗೆ ಹೋಗೋ ಕಾಲದಲ್ಲಿ ಅಲ್ಲೊಂದು ದೊಡ್ಡ ಮುಷ್ಕರ ಆಯ್ತು, ಅಪ್ಪ ಮುಂದಾಳು, ಮುಷ್ಕರ ಸೋತಿತು, ಹೆಚ್ಚಿನವರನ್ನ ವಾಪಸ್ ತಗೊಂಡ್ರು ಆದ್ರೆ ಅಪ್ಪನ್ನ ತಗೊಳ್ಳಲಿಲ್ಲ. ಅದಾಗಿ ಎಷ್ಟೋ ವರ್ಷ ಅಪ್ಪ ಹಳೇ ಐಡಿ ಕಾರ್ಡನ್ನ ಅಂಗಿ ಜೇಬಲ್ಲಿ ಇಟ್ಕೊಂಡೇ ಹೊರಗೆ ಹೋಗ್ತಿದ್ರಂತೆ, ಯಾರೂ ಕೇಳದೇ ಇದ್ರೂ. ಯೂನಿಯನ್ ಅನ್ನೋ ಮಾತು ಈ ಮನೇಲಿ ಇನ್ಮೇಲೆ ಬೇಡ ಅಂತ ಅಮ್ಮ ಅಂದಿದ್ದು ಇವತ್ತಿಗೂ ಹಂಗೇ ಇದೆ.

ಈಗ ನೋಡಿ, ಒಂದು ಕಡೆ ಅಕ್ಕನಿಗೆ ಮಾಡಿದ್ದರ ಪಾಪಪ್ರಜ್ಞೆ ಸೈನ್ ಹಾಕು ಅನ್ನತ್ತೆ, ಇನ್ನೊಂದು ಕಡೆ ಅಪ್ಪನ ಐಡಿ ಕಾರ್ಡು ಬೇಡ ಅನ್ನತ್ತೆ. ನಾನು ಅವರಿಗೆ ಮೊದಲು ಹೇಳಿದ್ದು, ಈ ಎರಡರಲ್ಲಿ ಯಾವುದರ ಮಾತು ಕೇಳಿ ಸೈನ್ ಹಾಕಿದ್ರೂ, ಹಾಕ್ದೇ ಇದ್ರೂ, ಆ ತೀರ್ಮಾನ ನಿಮ್ದಾಗಿರಲ್ಲ. ಪಾಪ ತೊಳ್ಕೊಳ್ಳೋಕೆ ಸೇರಿದವರು ಮೊದಲನೇ ಮೀಟಿಂಗಲ್ಲೇ ಎಲ್ಲರಿಗಿಂತ ಜೋರಾಗಿ ಕೂಗಿ ಮೂರು ತಿಂಗಳಲ್ಲಿ ಸುಸ್ತಾಗಿ ಬಿಡೋದನ್ನ ನಾನು ನೋಡಿದೀನಿ. ಅಕ್ಕನ ವಿಷ್ಯ ಅಕ್ಕನ ಹತ್ರಾನೇ ಮಾತಾಡಿ ಮುಗಿಸ್ಬೇಕಾದ್ದು, ಅದಕ್ಕೆ ಯೂನಿಯನ್ ಫಾರ್ಮು ಬದಲಿ ಆಗಲ್ಲ.

ಹಂಗಂತ ಅವರ ಪ್ರಶ್ನೇನ ಬಿಟ್ಟುಬಿಡೋಕೂ ಆಗಲ್ಲ. ನಮ್ಮ ಕ್ಷೇತ್ರದಲ್ಲಿ ಕೆಲವರು ಇಂಥ ಪ್ರಶ್ನೆ ಬಂದಾಗ ನಿಮ್ಮ ಮನಸ್ಸು ಏನು ಹೇಳತ್ತೆ ಅಂತ ವಾಪಸ್ ಕೇಳಿ ಕಳಿಸ್ತಾರೆ, ನಂಗೆ ಅದು ಸರಿ ಕಾಣಲ್ಲ. ಕೆಲಸ ಹೋಗತ್ತೆ ಅನ್ನೋ ಭಯ ಬರೀ ಮನಸ್ಸಿನದ್ದಲ್ಲ, ಅದಕ್ಕೆ ಹೊರಗೆ ಕಾರಣ ಇದೆ, ಮಾಹಿತಿ ಬೇಕು. ಹಾಗಾಗಿ ನಂಗೆ ಗೊತ್ತಿರೋದನ್ನ ನೇರವಾಗಿ ಹೇಳ್ದೆ.

ಭಯ ಸುಳ್ಳಲ್ಲ. 1834ರಲ್ಲಿ ಇಂಗ್ಲೆಂಡಿನ ಟಾಲ್‌ಪಡಲ್ ಅನ್ನೋ ಹಳ್ಳಿಯ ಆರು ಜನ ಕೂಲಿಕಾರರು ಕೂಲಿ ಕಡಿಮೆ ಮಾಡ್ತಿದಾರೆ ಅಂತ ಸಂಘ ಕಟ್ಟಿದ್ದಕ್ಕೆ, ಗುಟ್ಟಾಗಿ ಪ್ರಮಾಣ ಮಾಡಿಸಿದ್ರಿ ಅನ್ನೋ ನೆಪದಲ್ಲಿ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಶಿಕ್ಷೆ ಕೊಟ್ರು, ಜನ ರೊಚ್ಚಿಗೆದ್ದ ಮೇಲೆ 1836ರಲ್ಲಿ ಕ್ಷಮಾದಾನ ಆಯ್ತು. ಹತ್ತಿರದ ಕಾಲಕ್ಕೆ ಬಂದ್ರೆ 1981ರಲ್ಲಿ ಅಮೆರಿಕದಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ಏರ್ ಟ್ರಾಫಿಕ್ ಕಂಟ್ರೋಲರುಗಳನ್ನ ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದುಹಾಕಿದ್ರು, ಅವರು ಸರ್ಕಾರಿ ನೌಕರರು, ಕಾನೂನು ಪ್ರಕಾರ ಅವರಿಗೆ ಮುಷ್ಕರದ ಹಕ್ಕೇ ಇರ್ಲಿಲ್ಲ. ಇದನ್ನ ಹೇಳಿದಾಗ ಅವರು ಸ್ವಲ್ಪ ಸಡಿಲ ಆದ್ರು, ಅಪ್ಪನ ಕಥೆ ಅಪ್ಪನೊಬ್ಬನ ದಡ್ಡತನ ಅಂತ ಮನೇಲಿ ಕೇಳ್ಕೊಂಡೇ ಬೆಳೆದವರು.

ಆದ್ರೆ ಮೆಂಬರ್ ಆಗೋದು ಬೇರೆ, ಮುಷ್ಕರ ಬೇರೆ. ಯೂನಿಯನ್ನಿನ ದಿನನಿತ್ಯದ ಕೆಲಸದಲ್ಲಿ ಮುಷ್ಕರ ಕೊನೇ ಮೆಟ್ಟಿಲು, ಬಹುಪಾಲು ಕೆಲಸ ಅಂದ್ರೆ ಓವರ್‌ಟೈಮ್ ಲೆಕ್ಕ ತಪ್ಪಿದ್ದು, ರಜೆ ತಡೆದಿದ್ದು, ಯಾಕೆ ಕ್ರಮ ತಗೋಬಾರದು ಅಂತ ಕೇಳೋ ಶೋಕಾಸ್ ನೋಟಿಸಿಗೆ ಉತ್ತರ ಬರೆಸೋದು, ಒಪ್ಪಂದದ ಮಾತುಕತೆ, ಇವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಡಂಬಡಿಕೆ, ಸಂಘದ ಸದಸ್ಯ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋದ್ರಿಂದ ನೌಕರನಿಗೆ ರಕ್ಷಣೆ ಇರ್ಬೇಕು ಅನ್ನತ್ತೆ, ಅದಕ್ಕಿಂತ ಒಂದು ವರ್ಷ ಮೊದಲು ಬಂದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ 23ನೇ ವಿಧಿಯಲ್ಲೂ ಸಂಘ ಕಟ್ಟೋ, ಸೇರೋ ಹಕ್ಕಿದೆ. ಕಾಗದದ ಮೇಲಿರೋದು ಎಲ್ಲ ದೇಶದಲ್ಲೂ ಒಂದೇ ಥರ ಜಾರಿ ಆಗಲ್ಲ, ಅದಕ್ಕೇ ನಿಮ್ಮ ಕೆಲಸಕ್ಕೆ ಅನ್ವಯ ಆಗೋ ಕಾನೂನು ಏನು ಅಂತ ಒಬ್ಬ ಕಾರ್ಮಿಕ ವಕೀಲರನ್ನ ಕೇಳಿ ಬರೆಸ್ಕೊಂಡು ಬನ್ನಿ, ಅವರಿವರ ಬಾಯಿಂದ ಕೇಳಿದ್ದು ಬೇಡ ಅಂದೆ.

ಆಮೇಲೆ ಆ ಖಾಲಿ ಕುರ್ಚಿ. ಅದರ ಬಗ್ಗೆ ಹೇಳುವಾಗ ಅವರ ಮುಖ ನೋಡ್ತಾ ಇದ್ದೆ. ಅದು ನಿಮ್ಮೊಬ್ಬರ ಧೈರ್ಯಕ್ಕೆ ಬಿಟ್ಟ ವಿಷ್ಯ ಆಗಿರಬಾರದಿತ್ತು ಅಂದೆ. ಅಮೆರಿಕದ ಸುಪ್ರೀಂ ಕೋರ್ಟು 1975ರಲ್ಲೇ, ಯೂನಿಯನ್ ಇರೋ ಕಡೆ ಶಿಕ್ಷೆಗೆ ದಾರಿ ಆಗ್ಬಹುದು ಅನ್ನಿಸೋ ವಿಚಾರಣೆಗೆ ಕರೆದ್ರೆ ನೌಕರ ತನ್ನ ಪ್ರತಿನಿಧಿ ಬೇಕು ಅಂತ ಕೇಳ್ಬಹುದು ಅಂತ ಒಪ್ಪಿಕೊಳ್ತು. ಬ್ರಿಟನ್ನಲ್ಲಿ 1999ರ ಕಾಯ್ದೆ ಪ್ರಕಾರ ಶಿಸ್ತುಕ್ರಮದ ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಕರ್ಕೊಂಡು ಹೋಗೋ ಹಕ್ಕಿದೆ. ಅಂದ್ರೆ ಆ ಹೊತ್ತಲ್ಲಿ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು ಅನ್ನೋದು ಅಕ್ಕನ ಹೆದರಿಕೆ ಅಷ್ಟೇ ಅಲ್ಲ, ಕಾನೂನೇ ಗುರುತಿಸಿದ ಅಗತ್ಯ. ಆ ಕುರ್ಚಿಗೆ ಯಾರೋ ಒಬ್ಬರು ಸ್ನೇಹಕ್ಕೆ ಬಂದು ಕೂರ್ಬೇಕಾಗಿಲ್ಲ, ಅದೇ ಕೆಲಸ ಅಂತ ಬಂದು ಕೂರೋರು ಇರ್ಬೇಕು. ನನ್ನ ಪ್ರಕಾರ ಯೂನಿಯನ್ನಿನ ಅತಿ ದೊಡ್ಡ ಪ್ರಯೋಜನ ಇದೇ, ಸಂಬಳ ಆಮೇಲೆ. ಅವರು ಕನ್ನಡಕ ತೆಗೆದು ಒರೆಸ್ಕೊಂಡ್ರು, ಬಹಳ ಹೊತ್ತು ಒರೆಸ್ತಾನೇ ಇದ್ರು.

ಸೇರದೇ ಇದ್ರೂ ಇಂಕ್ರಿಮೆಂಟು ಬರತ್ತಲ್ಲ ಅನ್ನೋದೂ ನಿಜಾನೇ. 1965ರಲ್ಲಿ ಮ್ಯಾನ್ಕರ್ ಓಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ ಬಿಡಿಸಿ ತೋರಿಸಿದ್ರು, ಲಾಭ ಎಲ್ಲರಿಗೂ ಸಿಗೋ ಹಂಗಿದ್ರೆ ಒಬ್ಬೊಬ್ಬರಿಗೂ ಖರ್ಚು ಬೇರೆಯವರೇ ಹಾಕ್ಲಿ ಅನ್ಸತ್ತೆ, ಎಲ್ಲರೂ ಹಾಗಂದ್ಕೊಂಡ್ರೆ ಲಾಭಾನೇ ಇರಲ್ಲ. ಆದ್ರೆ ಎನ್‌ಕ್ವಯರಿ ರೂಮಲ್ಲಿ ನಿಮ್ಮ ಪಕ್ಕ ಕೂರೋ ಪ್ರತಿನಿಧಿ ಇಂಕ್ರಿಮೆಂಟಿನ ಥರ ಎಲ್ಲರಿಗೂ ಹಂಚಿಕೆ ಆಗಲ್ಲ. ಎಷ್ಟೋ ಯೂನಿಯನ್ನುಗಳು ಸೇರೋಕಿಂತ ಮುಂಚೆ ಶುರುವಾದ ತಕರಾರಿಗೆ ವಕೀಲರ ಸಹಾಯ ಕೊಡಲ್ಲ, ನೋಟಿಸು ಬಂದ ಮೇಲೆ ಓಡಿಹೋಗಿ ಸೇರ್ತೀನಿ ಅಂದ್ರೆ ತಡ ಆಗಿರತ್ತೆ.

ಎಲ್ಲ ಯೂನಿಯನ್ನೂ ಒಳ್ಳೇದು ಅಂತ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಲೀಡರುಗಳು ಹತ್ತು ಹದಿನೈದು ವರ್ಷ ಎಲೆಕ್ಷನ್ನೇ ಇಲ್ದೆ ಕೂತಿರೋ ಕಡೆ, ಚಂದಾಕ್ಕೆ ರಸೀದಿ ಕೊಡದ ಕಡೆ, ಮೆಂಬರುಗಳನ್ನ ಕೇಳ್ದೆ ಒಪ್ಪಂದಕ್ಕೆ ಸೈನ್ ಹಾಕೋ ಕಡೆ ಸೇರಿದ್ರೆ ಒಬ್ಬರ ಬದಲು ಇಬ್ಬರು ಯಜಮಾನರು ಆಗ್ತಾರೆ. ಅದಕ್ಕೆ ಸೈನ್ ಪಕ್ಕಕ್ಕಿಟ್ಟು ಮೊದಲು ಒಂದೆರಡು ಮೀಟಿಂಗಿಗೆ ಹೋಗಿ ಹಿಂದಿನ ಸಾಲಲ್ಲಿ ಕೂತು ಕೇಳಿ, ಕಳೆದ ಎಲೆಕ್ಷನ್ ಯಾವಾಗ ಆಯ್ತು, ಲೆಕ್ಕಪತ್ರ ಯಾರು ನೋಡ್ತಾರೆ, ಕಳೆದ ವರ್ಷ ಎಷ್ಟು ಜನರ ಎನ್‌ಕ್ವಯರಿಗೆ ನೀವು ಜೊತೆ ಹೋಗಿದೀರಿ ಅಂತ ಬಾಯಿಬಿಟ್ಟು ಕೇಳಿ, ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದ್ರೆ ಅದೂ ಒಂದು ಉತ್ತರಾನೇ ಅಂದೆ. ಯೂನಿಯನ್ ವಿಷ್ಯ ಕೆಲಸದ ಹೊತ್ತಲ್ಲಿ, ಕಂಪನಿ ಫೋನಲ್ಲಿ, ಆಫೀಸ್ ಗ್ರೂಪಲ್ಲಿ ಬೇಡ. ಕೆಲಸದಲ್ಲಿ ಏನೇ ವ್ಯತ್ಯಾಸ ಆದ್ರೂ ಅವತ್ತೇ ತಾರೀಕು ಹಾಕಿ ಒಂದು ಡೈರೀಲಿ ಬರೆದಿಡಿ, ಯೂನಿಯನ್ ಇರ್ಲಿ ಇಲ್ದೇ ಹೋಗ್ಲಿ ನಾಳೆ ಬೇಕಾಗೋದು ಅದೇ.

ಒಂದು ಪ್ರಶ್ನೆ ಉಳಿದಿತ್ತು. "ನಮ್ಮ ಸೂಪರ್‌ವೈಸರು ನನ್ನ ಕೈ ಹಿಡಿದು ಮೇಲೆ ತಂದವರು, ಅವರಿಗೆ ದ್ರೋಹ ಮಾಡ್ದಂಗೆ ಆಗಲ್ವಾ?" ಇದು ಪಾಪ ಎಷ್ಟು ಜನರನ್ನ ಒಳಗೊಳಗೇ ಕೊರೆಯತ್ತೆ ಅಂತ ನಂಗೊತ್ತು. ಆ ಮನುಷ್ಯನ ಮೇಲಿನ ಋಣ ನಿಜ, ಇಟ್ಕೊಳ್ಳಿ. ಆದ್ರೆ ಅವರಿಗೆ ನಾಳೆ ಟ್ರಾನ್ಸ್‌ಫರ್ ಆದ್ರೆ ಆ ಕುರ್ಚೀಲಿ ಬೇರೆ ಯಾರೋ ಬಂದು ಕೂರ್ತಾರೆ, ನಿಮ್ಮ ರಕ್ಷಣೆ ಒಬ್ಬ ಒಳ್ಳೆಯವರ ಒಳ್ಳೆತನದ ಮೇಲೆ ನಿಂತಿರೋದು ನಿಮಗೂ ಕ್ಷೇಮ ಅಲ್ಲ, ಅವರಿಗೂ ಭಾರ. ಎನ್‌ಕ್ವಯರಿ ದಿನ ಆ ಮೂರು ಜನರಲ್ಲಿ ಈ ಸೂಪರ್‌ವೈಸರೂ ಒಬ್ಬರಾಗಿದ್ರು ಅಂತ ಆಗ ಹೇಳಿದ್ರು, ಅಲ್ಲೀವರೆಗೂ ಹೇಳಿರ್ಲಿಲ್ಲ.

ಕೊನೆಗೆ ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದ್ರು. ಎಲೆಕ್ಷನ್ನು, ಲೆಕ್ಕ ಎರಡೂ ಸರಿಯಿದ್ರೆ ಸೇರೋದು ಒಳ್ಳೇದು, ಕಷ್ಟ ಬರೋಕೆ ಮುಂಚೆ ಸೇರೋದು ಇನ್ನೂ ಒಳ್ಳೇದು, ಇಷ್ಟು ನನ್ನ ಅಭಿಪ್ರಾಯ, ತೀರ್ಮಾನ ನಿಮ್ದು ಅಂದೆ.

ಎರಡು ಮೀಟಿಂಗ್ ಮುಗಿಸಿ ನಾಲ್ಕನೇ ಸೆಶನ್ನಿಗೆ ಬಂದ್ರು. ಲೆಕ್ಕ ಕೇಳಿದಾಗ ಖಜಾಂಚಿ ಸಿಡುಕದೆ ಪುಸ್ತಕ ಮುಂದೆ ಇಟ್ರಂತೆ, ಇವರು ಲೆಕ್ಕದವರಲ್ವಾ, ಎರಡು ಕಡೆ ಕೂಡಿದ್ದು ತಪ್ಪಿದೆ ಅಂತ ತೋರಿಸಿದ್ರಂತೆ, ಖಜಾಂಚಿ ಅಲ್ಲೇ ತಿದ್ದಿ ಮುಂದಿನ ಸಲ ನೀವೇ ಆಡಿಟ್ ನೋಡಿಕೊಡಿ ಅಂದಿದಾರೆ. ಹಳೇ ಫಾರ್ಮು ಹರಿದೋಗಿತ್ತು, ಹೊಸದು ತಗೊಂಡು ಸೈನ್ ಹಾಕಿದ್ರು. ಅಮ್ಮಂಗೆ ತಾವೇ ಹೇಳಿದ್ರು, ಅಮ್ಮ ಎರಡು ದಿನ ಮಾತು ಬಿಟ್ಟು ಮೂರನೇ ದಿನ "ಮುಂದೆ ನಿಂತ್ಕೋಬೇಡ" ಅಂದ್ರಂತೆ, ಇವರು ಮಾತು ಕೊಟ್ಟಿಲ್ಲ. ನಿದ್ದೆ ಮೊದಲಿಗಿಂತ ವಾಸಿ, ಪೂರ್ತಿ ಸರಿಯಾಗಿಲ್ಲ. ಅಕ್ಕನ ನಂಬರು ಫೋನಲ್ಲಿದೆ, ಎರಡು ಸಲ ಡಯಲ್ ಮಾಡಿ ರಿಂಗ್ ಆಗೋ ಮುಂಚೆ ಕಟ್ ಮಾಡಿದಾರೆ. ಮುಂದಿನ ಸೆಶನ್ ಅದಕ್ಕೇ ಇಟ್ಕೊಂಡಿದೀವಿ.