ದೂರದರ್ಶಕದ ಕನ್ನಡಿಗೆ ಗಾಜಿನ ಬಿಲ್ಲೆ: ಅಚ್ಚು ಯಾವುದರದ್ದಿರಬೇಕು?

ಪ್ರಶ್ನೆ: ಪಿಂಗಾಣಿ ಪಾತ್ರೆಗಳನ್ನು ಸುಡಲು ನಾನು ಬಳಸುವ ವಿದ್ಯುತ್ ಕುಲುಮೆ 1100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. 19 ಮಿ.ಮೀ. ದಪ್ಪದ ಫ್ಲೋಟ್ ಗಾಜಿನ (ಕಿಟಕಿಗೆ ಹಾಕುವ ಸಾಮಾನ್ಯ ಹಾಳೆಗಾಜು) ಎರಡು ವೃತ್ತಗಳನ್ನು ಒಂದರ ಮೇಲೊಂದಿಟ್ಟು ಬೆಸೆದು, 250 ಮಿ.ಮೀ. ವ್ಯಾಸದ ಕನ್ನಡಿಗೆ ಬಿಲ್ಲೆ ಮಾಡಿಕೊಳ್ಳಬೇಕೆಂದಿದ್ದೇನೆ. ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಸ್ಟೀಲ್ ಬಳೆ, ಬೆಂಕಿ ಇಟ್ಟಿಗೆ ಇವುಗಳಲ್ಲಿ ಯಾವುದು ಸೂಕ್ತ? ಅಚ್ಚಿನ ತಳವನ್ನೇ ಉಬ್ಬಾಗಿ ಮಾಡಿ, ಕನ್ನಡಿಯ ತಗ್ಗನ್ನು ಎರಕದಲ್ಲೇ ಪಡೆಯಬಹುದೆ? ಹಿಂಬದಿಯನ್ನು ಜೇನುಗೂಡಿನಂತೆ ಟೊಳ್ಳಾಗಿಸಬಹುದೆ?

ಉತ್ತರ: ಅಚ್ಚಿನ ಆಯ್ಕೆಯಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ಅದು ಎಷ್ಟು ಶಾಖ ತಡೆಯುತ್ತದೆ, ಎಷ್ಟು ನಯವಾದ ಆಕಾರ ಕೊಡುತ್ತದೆ ಎಂಬುದನ್ನು. ಕನ್ನಡಿಯ ಬಿಲ್ಲೆಯ ಮಟ್ಟಿಗೆ ನಯಕ್ಕೆ ಬೆಲೆಯಿಲ್ಲ; ಮುಖವನ್ನು ಹೇಗೂ ಕಾರ್ಬೊರಂಡಮ್ ಪುಡಿಯಿಂದ ಉಜ್ಜಿ ತೆಗೆಯುತ್ತೀರಿ. ಶಾಖವನ್ನು ಮೂರೂ ಒಂದು ಮಟ್ಟದವರೆಗೆ ತಡೆಯುತ್ತವೆ. ನಿಜವಾಗಿ ಕೇಳಬೇಕಾದದ್ದು, ತಣಿಯುವಾಗ ಅಚ್ಚು ಗಾಜನ್ನು ಹಿಂಡದೆ, ಹಿಡಿದುಕೊಳ್ಳದೆ ಬಿಟ್ಟುಕೊಡುತ್ತದೆಯೆ ಎಂಬುದು.

ಸ್ಟೀಲ್ ಬಳೆ ಸೋಲುವುದು ಇಲ್ಲಿಯೇ. ಫ್ಲೋಟ್ ಗಾಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಕುಗ್ಗಿದರೆ, 304 ದರ್ಜೆಯ ಸ್ಟೀಲ್ ಸುಮಾರು 17 ಪಾಲು ಕುಗ್ಗುತ್ತದೆ. ಗಾಜು ಗಟ್ಟಿಯಾದ ಮೇಲೆ, ಅಂದರೆ 500 ಡಿಗ್ರಿಯಿಂದ ಕೋಣೆಯ ಉಷ್ಣಾಂಶಕ್ಕೆ ಇಳಿಯುವಷ್ಟರಲ್ಲಿ, ನಿಮ್ಮ ಬಿಲ್ಲೆಯ ವ್ಯಾಸ 1 ಮಿ.ಮೀ.ನಷ್ಟು ಕಿರಿದಾಗುತ್ತದೆ, ಸುತ್ತಲಿನ ಬಳೆಯದು 2 ಮಿ.ಮೀ.ನಷ್ಟು. ಈ ವ್ಯತ್ಯಾಸವೆಲ್ಲ ಗಾಜಿನ ಅಂಚಿನ ಮೇಲೆ ಹಿಡಿತವಾಗಿ ಬೀಳುತ್ತದೆ. ಬಳೆಯನ್ನು ಒಂದು ಕಡೆ ಸೀಳಿ, ಒಳಗೆ ದಪ್ಪ ಫೈಬರ್ ಪೇಪರ್ (ಶಾಖ ತಡೆಯುವ ಸೆರಾಮಿಕ್ ಎಳೆಗಳ ಮೆತ್ತನೆಯ ಹಾಳೆ) ಹಾಸಿದರೆ ಬಳಸಲು ಬರುತ್ತದೆ. ಆದರೆ ಕಾದ ಸ್ಟೀಲಿನಿಂದ ಎದ್ದ ಕರಿ ಹೊಪ್ಪಳೆ ಗಾಜಿನ ಮೇಲೆ ಉದುರುವ ತೊಂದರೆ ಉಳಿದೇ ಇರುತ್ತದೆ. ಸತು ಲೇಪಿಸಿದ ತಗಡನ್ನಂತೂ ಕುಲುಮೆಯ ಹತ್ತಿರವೂ ತರಬೇಡಿ, ಅದರ ಹೊಗೆ ವಿಷಕಾರಿ.

ಪ್ಲಾಸ್ಟರ್ ಒಂದನ್ನೇ ಅಚ್ಚಿಗೆ ಬಳಸುವವರಿಲ್ಲ. ಗಾಜಿನ ಶಿಲ್ಪಿಗಳು ತೂಕದಲ್ಲಿ ಸರಿಸಮನಾಗಿ ಸಿಲಿಕಾ ಪುಡಿಯನ್ನು ಬೆರೆಸುತ್ತಾರೆ. ಮೂಗು, ಕಣ್ಣು, ಎಲೆಯ ನರಗಳನ್ನು ಮೂಡಿಸಬೇಕಾದವರಿಗೆ ಅದು ಸರಿ. ಚಪ್ಪಟೆ ಬಿಲ್ಲೆಗೆ ಅದರ ಗುಣಗಳು ವ್ಯರ್ಥ, ದೋಷಗಳು ಮಾತ್ರ ಪೂರ್ತಿ ದಕ್ಕುತ್ತವೆ. ಒಳಗೆ ತೇವ ಉಳಿದರೆ ಆವಿಯಾಗಿ ಅಚ್ಚು ಬಿರಿಯುತ್ತದೆ. 573 ಡಿಗ್ರಿಯಲ್ಲಿ ಸಿಲಿಕಾದ ಹರಳು ರೂಪ ಬದಲಿಸಿ ತಟ್ಟನೆ ಹಿಗ್ಗುತ್ತದೆ. 800 ಡಿಗ್ರಿ ದಾಟಿದ ಮೇಲೆ ಗಂಟೆಗಟ್ಟಲೆ ನಿಲ್ಲಿಸಿದರೆ ಪ್ಲಾಸ್ಟರ್ ಪುಡಿಪುಡಿಯಾಗತೊಡಗುತ್ತದೆ. ಬರಿಯ ಮರಳಿನ ಹಾಸಿಗೆಯೂ ಬೇಡ. ಗಾಜಿಗೆ ಕಚ್ಚಿಕೊಂಡ ಮರಳಿನ ಕಾಳು ಪಾಲಿಶ್ ಮಾಡುವ ಹೊತ್ತಿಗೆ ಕಳಚಿ ಬಿದ್ದರೆ, ವಾರಗಳ ಕೆಲಸದ ಮೇಲೆ ಒಂದೇ ಗೀರು ಸಾಕು.

ನನ್ನ ಆಯ್ಕೆ ಇಟ್ಟಿಗೆಯೇ, ಆದರೆ ಗಡುಸಾದ ಬೆಂಕಿ ಇಟ್ಟಿಗೆಯಲ್ಲ, ಗರಗಸದಲ್ಲಿ ಕೊಯ್ಯಬಹುದಾದ ಹಗುರವಾದ ಇನ್ಸುಲೇಶನ್ ಇಟ್ಟಿಗೆ. ಕಾರ್ಡಿಯರೈಟ್ ಶೆಲ್ಫಿನ (ಕುಲುಮೆಯೊಳಗೆ ಇಡುವ, ಶಾಖ ತಡೆಯುವ ಹಲಗೆ) ಮೇಲೆ ಅದರ ತುಂಡುಗಳನ್ನು ಸುತ್ತಲೂ ಒಂದಕ್ಕೊಂದು ಅಂಟಿಸದೆ ಜೋಡಿಸಿ, ಹೊರಗಿನಿಂದ ಭಾರದ ಇಟ್ಟಿಗೆಗಳ ಒತ್ತು ಕೊಡಿ. ಒಳಸುತ್ತಿಗೆ 3 ಮಿ.ಮೀ. ಸೆರಾಮಿಕ್ ಫೈಬರ್ ಪೇಪರ್ ಹಾಕಿ, ತಳದಲ್ಲೂ ಅದನ್ನೇ ಹಾಸಿ. ಇಟ್ಟಿಗೆ ಗಾಜಿಗಿಂತ ಕಡಿಮೆ ಕುಗ್ಗುವುದರಿಂದ ತಣಿಯುವಾಗ ಬಿಲ್ಲೆ ತಾನಾಗಿ ಅಂಚಿನಿಂದ ಸರಿಯುತ್ತದೆ. ಪೇಪರ್ ಹರಿದರೂ ಗಾಜು ಕಚ್ಚದಂತೆ ಶೆಲ್ಫಿಗೂ ಇಟ್ಟಿಗೆಗೂ ಅಲ್ಯುಮಿನಾ ಹೈಡ್ರೇಟ್ ಮತ್ತು ಚೀನಾ ಕ್ಲೇ ಬೆರೆಸಿದ ಕಿಲ್ನ್ ವಾಶ್ ಬಳಿದು ಒಣಗಿಸಿರಿ. ಸುತ್ತಿನ ಪೇಪರಿನ ಎತ್ತರ ಬಿಲ್ಲೆಯ ಕೊನೆಯ ದಪ್ಪಕ್ಕಿಂತ 3 ಮಿ.ಮೀ. ಕಡಿಮೆಯಿರಲಿ, ಇಲ್ಲವಾದರೆ ಇಳಿಯುವ ಗಾಜು ಅದಕ್ಕೆ ಸಿಕ್ಕಿ ಅಂಚಿನಲ್ಲಿ ಸೂಜಿಯಂಥ ಮುಳ್ಳುಗಳಾಗಿ ನಿಲ್ಲುತ್ತದೆ. ತಡೆಗೋಡೆಯೇ ಬೇಡವೆನ್ನಲಾಗದು: ಪೂರ್ತಿ ಮೆತ್ತಗಾದ ಗಾಜು ತನ್ನಷ್ಟಕ್ಕೆ ಬಿಟ್ಟರೆ 6–7 ಮಿ.ಮೀ. ದಪ್ಪಕ್ಕೆ ಬರುವವರೆಗೆ ಹರಡುತ್ತಲೇ ಹೋಗುತ್ತದೆ.

ಎರಡು ವೃತ್ತಗಳನ್ನೂ ಒಂದೇ ಹಾಳೆಯಿಂದ ಕೊಯ್ಸಿ. 650ರಿಂದ 680 ಡಿಗ್ರಿಯ ನಡುವೆ ಸಾಕಷ್ಟು ಹೊತ್ತು ನಿಲ್ಲಿಸಿ ನಡುವಿನ ಗಾಳಿಯನ್ನು ಹೊರಗೆ ಬಿಟ್ಟು, ಆಮೇಲೆ 820 ಡಿಗ್ರಿಯ ಆಸುಪಾಸಿಗೆ ಏರಿಸಿ. ಅಚ್ಚಿಗೆ ತಾಗದ ಮೇಲಿನ ಮುಖವನ್ನೇ ಕನ್ನಡಿಯ ಮುಖವಾಗಿ ಇಟ್ಟುಕೊಳ್ಳಿ.

ಅಚ್ಚಿನ ಇನ್ನೊಂದು ಪ್ರಭಾವ ಕಣ್ಣಿಗೆ ಬೀಳುವುದಿಲ್ಲ. ದಪ್ಪ ತಳದ ಅಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೆರೆದ ಮೇಲ್ಮುಖ ಬೇಗ ತಣಿಯುತ್ತದೆ, ಬಿಲ್ಲೆಯೊಳಗೆ ಬಿಗುವು ಉಳಿಯುತ್ತದೆ. ಆದ್ದರಿಂದ ಶೆಲ್ಫನ್ನು ಕಾಲುಗಳ ಮೇಲೆ ಎತ್ತಿಟ್ಟು ಕೆಳಗೂ ಗಾಳಿಯಾಡಲು ಬಿಡಿ. 38 ಮಿ.ಮೀ. ದಪ್ಪಕ್ಕೆ 550 ಡಿಗ್ರಿಯ ಹತ್ತಿರ ಆರು ಗಂಟೆಯಾದರೂ ನಿಲ್ಲಿಸಿ, ಅಲ್ಲಿಂದ 480ರವರೆಗೆ ಗಂಟೆಗೆ 5 ಡಿಗ್ರಿ ಮೀರದಂತೆ ಇಳಿಸಿ; ಮುಂದೆಯೂ ಕುಲುಮೆಯ ಬಾಗಿಲು ತೆರೆಯುವ ಆತುರ ಬೇಡ. ಉಜ್ಜಲು ತೊಡಗುವ ಮೊದಲು, ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಬಿಳಿಯಾಗಿಸಿ ಅದರ ಮುಂದೆ ಬಿಲ್ಲೆಯನ್ನು ಹಿಡಿದು, ಪರದೆ ಕಪ್ಪಾಗಿ ಕಾಣುವಂತೆ ತಿರುಗಿಸಿದ ಪೋಲರಾಯ್ಡ್ ಕನ್ನಡಕದ ಮೂಲಕ ನೋಡಿ. ಗಾಜಿನಲ್ಲಿ ಬೆಳಕಿನ ಪಟ್ಟಿಗಳು ಹೊಳೆದರೆ ಬಿಗುವು ಉಳಿದಿದೆ ಎಂದರ್ಥ. ತಣಿಸುವ ಕ್ರಮವನ್ನು ಮತ್ತೆ ಮಾಡಬೇಕು.

ಶಾಖಕ್ಕೆ ಕಡಿಮೆ ಹಿಗ್ಗುವ ಬೋರೊಸಿಲಿಕೇಟ್ ಗಾಜಿಗೆ ಹೋಗುವುದಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅದರ ಕುಗ್ಗುವಿಕೆ ಕೇವಲ 3.3 ಪಾಲು, ಇಟ್ಟಿಗೆಯದು 5ರ ಮೇಲೆ. ಆಗ ಇಟ್ಟಿಗೆಯೂ ಹಿಂಡುತ್ತದೆ, ಪೇಪರಿನ ಮೆತ್ತೆ ಇನ್ನೂ ದಪ್ಪವಿರಬೇಕು. ಎರಡು ಜಾತಿಯ ಗಾಜನ್ನು ಮಾತ್ರ ಎಂದೂ ಬೆಸೆಯಬೇಡಿ.

ಉಬ್ಬು ತಳದ ವಿಚಾರ ಲೆಕ್ಕ ಹಾಕಿದರೆ ಬಗೆಹರಿಯುತ್ತದೆ. 250 ಮಿ.ಮೀ. ವ್ಯಾಸ, 1250 ಮಿ.ಮೀ. ನಾಭಿದೂರದ ಕನ್ನಡಿಯ ನಡುವಿನ ತಗ್ಗು ಬರೀ 3 ಮಿ.ಮೀ.ಗಿಂತ ತುಸು ಹೆಚ್ಚು. ಒರಟು ಪುಡಿಯಲ್ಲಿ ಕೆಲವು ಗಂಟೆ ಉಜ್ಜಿದರೆ ಬರುವ ಆಳಕ್ಕಾಗಿ, ಅಚ್ಚಿಗೆ ತಾಗಿದ ಕೊಳೆ ಮುಖವನ್ನು ಕನ್ನಡಿಯ ಮುಖವಾಗಿಸುವುದು ಲಾಭದ ವ್ಯಾಪಾರವಲ್ಲ.

ಟೊಳ್ಳು ಬೆನ್ನಿನ ಮಾತಿಗೆ ಬಂದರೆ, 1934ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ನಿಂಗ್ ಕಾರ್ಖಾನೆಯಲ್ಲಿ ಪಾಲೊಮಾರ್ ವೀಕ್ಷಣಾಲಯದ 200 ಇಂಚಿನ ಕನ್ನಡಿಗಾಗಿ ಪೈರೆಕ್ಸ್ (ಒಂದು ಬಗೆಯ ಬೋರೊಸಿಲಿಕೇಟ್ ಗಾಜು) ಸುರಿಯುವಾಗ, ಬೆನ್ನಿನಲ್ಲಿ ಟೊಳ್ಳು ಮೂಡಿಸಲು ಅಚ್ಚಿನ ತಳಕ್ಕೆ ಬಿಗಿದಿದ್ದ ಕೆಲವು ದಿಂಡುಗಳು ಕಿತ್ತು ಕರಗಿದ ಗಾಜಿನ ಮೇಲೆ ತೇಲಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡನೆಯ ಬಿಲ್ಲೆಯನ್ನು ಎರಕ ಹೊಯ್ಯಬೇಕಾಯಿತು. ಹಗುರ ಇಟ್ಟಿಗೆ ಗಾಜಿಗಿಂತ ಹಲವು ಪಟ್ಟು ಹಗುರ, ತೇಲುವುದು ಸಹಜ. ಅಲ್ಲದೆ ತಣಿಯುವಾಗ ಗಾಜಿನ ಪಕ್ಕೆಗಳು ಪ್ರತಿ ದಿಂಡನ್ನೂ ಬಿಗಿಯಾಗಿ ಅಪ್ಪುತ್ತವೆ, ದಿಂಡು ನುಗ್ಗಾಗದಿದ್ದರೆ ಪಕ್ಕೆ ಒಡೆಯುತ್ತದೆ. ಇಡೀ ಬಿಲ್ಲೆ ಐದು ಕಿಲೋಗ್ರಾಮಿಗಿಂತ ಕಡಿಮೆ ತೂಗುವಾಗ ಈ ಸಾಹಸ ಅನಗತ್ಯ.

ಸುಟ್ಟ ಫೈಬರ್ ಪೇಪರ್ ಮುಟ್ಟಿದರೆ ಪುಡಿಯಾಗುತ್ತದೆ, ಅದರ ಎಳೆಗಳು ಶ್ವಾಸಕೋಶಕ್ಕೆ ಕೆಟ್ಟವು. ಅಚ್ಚು ಬಿಚ್ಚುವಾಗ ಅದನ್ನು ನೀರು ಚಿಮುಕಿಸಿ ನೆನೆಸಿ, ಎನ್95 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಮುಖಗವಸು ಧರಿಸಿ ತೆಗೆಯಿರಿ, ಒಣಪೊರಕೆಯಿಂದ ಗುಡಿಸಬೇಡಿ.